ಥ್ರೆಡೆಡ್ ಇಂಟರಪ್ಟ್ ಅಂದರೆ ಏನು?

ಫೋನಿನ ಪರದೆ ಮುಟ್ಟಿದ ಕೂಡಲೇ ಟಚ್ ಚಿಪ್ ಪ್ರೊಸೆಸರ್‌ಗೆ ಒಂದು ಸಿಗ್ನಲ್ ಕೊಡುತ್ತದೆ. ಅದೇ ಇಂಟರಪ್ಟ್. ಪ್ರೊಸೆಸರ್ ಕೈಲಿದ್ದ ಕೆಲಸ ಬಿಟ್ಟು, ಆ ಚಿಪ್ಪನ್ನು ನಡೆಸುವ ಪ್ರೋಗ್ರಾಂ ಆದ ಡ್ರೈವರ್‌ನ ಹ್ಯಾಂಡ್ಲರ್‌ಗೆ, ಅಂದರೆ ಇಂಟರಪ್ಟ್ ಬಂದಾಗ ಓಡುವ ಫಂಕ್ಷನ್‌ಗೆ, ಓಡುತ್ತದೆ. ಆದರೆ ಬೆರಳು ಎಲ್ಲಿದೆ ಅಂತ ಗೊತ್ತಾಗಬೇಕಾದರೆ ಐ2ಸಿ ಬಸ್ (ಚಿಪ್‌ಗಳು ಮಾತಾಡಿಕೊಳ್ಳುವ ನಿಧಾನದ ತಂತಿ ಜೋಡಿ) ಮೇಲೆ ಚಿಪ್ಪನ್ನೇ ಕೇಳಬೇಕು. 400 ಕಿಲೋಹರ್ಟ್ಸ್ ಬಸ್ಸಿನಲ್ಲಿ ಒಂದು ಬೈಟ್ ಬರಲು ಸುಮಾರು 22 ಮೈಕ್ರೋಸೆಕೆಂಡ್ ಬೇಕು. ಹತ್ತು ಬೈಟ್ ಓದುವವರೆಗೆ ಡ್ರೈವರ್ ಮಲಗಿ, ಅಂದರೆ ಪ್ರೊಸೆಸರ್ ಬಿಟ್ಟುಕೊಟ್ಟು, ಕಾಯುತ್ತದೆ. ಮಾಮೂಲಿ ಹ್ಯಾಂಡ್ಲರ್‌ನಲ್ಲಿ ಮಲಗುವ ಹಾಗೇ ಇಲ್ಲ. ಮಲಗಿದರೆ ಲಿನಕ್ಸ್‌ನ ತಿರುಳಾದ ಕರ್ನಲ್ 'ಶೆಡ್ಯೂಲಿಂಗ್ ವೈಲ್ ಅಟಾಮಿಕ್' (ಮಲಗಬಾರದ ಜಾಗದಲ್ಲಿ ಮಲಗಿದೆ) ಅಂತ ಲಾಗ್‌ನಲ್ಲಿ ಬೈಯುತ್ತದೆ. ಡ್ರೈವರ್ ಬರೆದವರೆಲ್ಲ ಒಮ್ಮೆಯಾದರೂ ತಿಂದ ಬೈಗುಳ ಇದು.

ಇದಕ್ಕೆ ಉಪಾಯವೇ ಥ್ರೆಡೆಡ್ ಇಂಟರಪ್ಟ್. ಕರ್ನಲ್ ಡೆವಲಪರ್ ಥಾಮಸ್ ಗ್ಲೈಕ್ಸ್ನರ್ ಅವರ ಕೆಲಸವಿದು. 2009ರಲ್ಲಿ ಲಿನಕ್ಸ್ 2.6.30ಕ್ಕೆ ಸೇರಿತು. ಡ್ರೈವರ್ ಎರಡು ಫಂಕ್ಷನ್ ಕೊಡುತ್ತದೆ. ಮೊದಲನೆಯದು 'ನನ್ನ ಸಾಧನದ್ದೇನಾ?' ಅಂತಷ್ಟೇ ನೋಡಿ ಎರಡನೆಯದನ್ನು ಎಬ್ಬಿಸುತ್ತದೆ. ಎರಡನೆಯದು ಓಡುವುದು ಒಂದು ಕರ್ನಲ್ ಥ್ರೆಡ್‌ನಲ್ಲಿ, ಅಂದರೆ ಸರದಿ ಪ್ರಕಾರ ಪ್ರೊಸೆಸರ್ ಪಡೆಯುವ ಬೇರೆಯೇ ಕೆಲಸವಾಗಿ. ಅಲ್ಲಿ ಮಲಗಬಹುದು, ಮ್ಯೂಟೆಕ್ಸ್ (ಒಬ್ಬರಿಗೊಂದೇ ಸಲ ಸಿಗುವ ಬೀಗ) ಹಿಡಿಯಬಹುದು. ಓಡುತ್ತಿರುವ ಕೆಲಸಗಳನ್ನು ತೋರಿಸುವ ಪಿಎಸ್ ಕಮಾಂಡ್‌ನ ಪಟ್ಟಿಯಲ್ಲಿ 'ಐಆರ್‌ಕ್ಯೂ/' ಅಂತ ಶುರುವಾಗುವ ಹೆಸರುಗಳು ಇವೇ.

ಹಾಗಾದರೆ ಎಲ್ಲವನ್ನೂ ಥ್ರೆಡ್‌ಗೆ ತಳ್ಳಿಬಿಡೋಣ, ಅಲ್ವಾ? ಬೇಡ. ಥ್ರೆಡ್ ಎದ್ದು ಸರದಿ ಹಿಡಿಯಲು ಹೊತ್ತು ಬೇಕು. ಸಾಮಾನ್ಯವಾಗಿ ಅದಕ್ಕೆ ಫೈಫೋ ಶೆಡ್ಯೂಲಿಂಗ್‌ನಲ್ಲಿ (ರಿಯಲ್‌ಟೈಮ್ ಕೆಲಸಗಳ ಸರದಿ ವಿಧಾನ, ಸಂಖ್ಯೆ ದೊಡ್ಡದಾದಷ್ಟೂ ಮೊದಲು) 50ರ ಆದ್ಯತೆ ಸಿಗುತ್ತದೆ. ಅಂದರೆ ಮಾಮೂಲಿ ಪ್ರೋಗ್ರಾಂಗಳು ಅಡ್ಡ ಬರುವುದಿಲ್ಲ, 60ರ ಆದ್ಯತೆಯ ರಿಯಲ್‌ಟೈಮ್ ಕೆಲಸವೊಂದು ಓಡುತ್ತಿದ್ದರೆ ಮಾತ್ರ ಕಾಯಲೇಬೇಕು. ಬೆರಳಿಗೆ ಈ ತಡ ಗೊತ್ತೇ ಆಗುವುದಿಲ್ಲ. ಸೆಕೆಂಡಿಗೆ ಲಕ್ಷ ಸಲ ಕೂಗುವ ಸಾಧನಕ್ಕೆ ಪ್ರತಿ ಸಲವೂ ಥ್ರೆಡ್ ಎಬ್ಬಿಸುವ ಖರ್ಚೇ ಭಾರ. ನೆಟ್‌ವರ್ಕ್ ಡ್ರೈವರ್‌ಗಳು ನ್ಯಾಪಿ (ಇಂಟರಪ್ಟ್ ತಡೆದು, ಬಂದದ್ದನ್ನು ಗುಂಪಾಗಿ ಓದಿಕೊಳ್ಳುವ) ದಾರಿ ಹಿಡಿದಿರುವುದು ಸುಮ್ನೆ ಅಲ್ಲ.

ಇನ್ನೊಂದು ತೊಡಕಿದೆ. ಕೆಲವು ಚಿಪ್‌ಗಳು ತಮ್ಮನ್ನು ಓದುವ ತನಕ ಸಿಗ್ನಲ್ ಇಳಿಸುವುದೇ ಇಲ್ಲ. ಥ್ರೆಡ್ ಏಳುವ ಮುಂಚೆ ಆ ಸಿಗ್ನಲ್ ಬರುವ ಲೈನ್ ತೆರೆದರೆ ಅದೇ ಇಂಟರಪ್ಟ್ ಮತ್ತೆ ಮತ್ತೆ ಬಂದು ಥ್ರೆಡ್‌ಗೆ ಓಡಲು ಜಾಗವೇ ಸಿಗದು. ಅದಕ್ಕೇ ಒನ್‌ಶಾಟ್ ಫ್ಲ್ಯಾಗ್: ಥ್ರೆಡ್ ಮುಗಿಯುವವರೆಗೆ ಲೈನ್ ಮುಚ್ಚಿಯೇ ಇರುತ್ತದೆ. ಅದೇ ಲೈನ್ ಹಂಚಿಕೊಂಡ ಪಕ್ಕದ ಸಾಧನವೂ ಆಗ ಬಾಯಿ ಮುಚ್ಚಿಕೊಂಡು ಕಾಯಬೇಕು. ನನ್ನ ಮಟ್ಟಿಗೆ ಇದೇ ಜಾಸ್ತಿ ಕಾಡುವ ಬೆಲೆ, ಏಕೆಂದರೆ ತಪ್ಪು ಒಂದು ಡ್ರೈವರ್‌ನದು, ನಿಧಾನವಾಗುವುದು ಇನ್ನೊಂದು. ಐ2ಸಿ ಚಿಪ್‌ಗೆ ಅದರದ್ದೇ ಲೈನ್ ಇದ್ದರೆ ಮಾತ್ರ ಯೋಚಿಸದೆ ಥ್ರೆಡ್ ಹಾಕಿ.