ಭೋಗ್ಯದ ಮನೆ ಎಂದರೇನು?

ದಾವಣಗೆರೆಯ ನಿಟುವಳ್ಳಿ, ವಿದ್ಯಾನಗರ, ಕೆಟಿಜೆ ನಗರದ ಕಡೆ ಮನೆ ಹುಡುಕಲು ಹೊರಟರೆ ಗೇಟಿನ ಮೇಲೆ ಎರಡು ಥರದ ಬೋರ್ಡು ಕಾಣುತ್ತವೆ. ಒಂದು ‘ಮನೆ ಬಾಡಿಗೆಗೆ ಇದೆ’, ಇನ್ನೊಂದು ‘ಭೋಗ್ಯಕ್ಕೆ ಇದೆ’. ಬ್ರೋಕರ್‌ಗಳ ಬಾಯಲ್ಲಿ ಇದೇ ‘ಲೀಸ್’.

ಭೋಗ್ಯಕ್ಕೆ ಬರುವವರು ಮಾಲೀಕರಿಗೆ ಒಂದೇ ಸಲ ದೊಡ್ಡ ಮೊತ್ತ ಕೊಡುತ್ತಾರೆ. ಎರಡೋ ಮೂರೋ ವರ್ಷ ಆ ಮನೆಯಲ್ಲಿ ಇರುತ್ತಾರೆ. ತಿಂಗಳ ಬಾಡಿಗೆ ಇಲ್ಲ. ಕರೆಂಟು, ನೀರಿನ ಬಿಲ್ಲು ಕಟ್ಟಿದರೆ ಸಾಕು. ಅವಧಿ ಮುಗಿದು ಬೀಗದ ಕೈ ಒಪ್ಪಿಸಿದಾಗ ಕೊಟ್ಟ ದುಡ್ಡು ಅಷ್ಟೂ ವಾಪಸ್.

ಹಾಗಾದರೆ ಪುಕ್ಕಟೆ ಇದ್ದ ಹಾಗಾಯ್ತು ಅಲ್ವಾ? ಇಲ್ಲ. ಮಗಳ ಮದುವೆಗೋ ಮೇಲಿನ ಮಹಡಿ ಕಟ್ಟಲಿಕ್ಕೋ ದುಡ್ಡು ಬೇಕಾದ ಮಾಲೀಕರಿಗೆ ನೀವು ಸಾಲ ಕೊಟ್ಟಿದ್ದೀರಿ. ಬಡ್ಡಿಯ ಬದಲು ಅವರು ಮನೆ ಬಿಟ್ಟುಕೊಟ್ಟಿದ್ದಾರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯೂ ಇಂಥ ವ್ಯವಹಾರವನ್ನು ಅಡಮಾನದ ಒಂದು ಬಗೆ ಎಂದೇ ನೋಡುತ್ತದೆ.

ಲೆಕ್ಕಕ್ಕೆ ಅಂತ ಒಂದು ಮನೆ ಇಟ್ಟುಕೊಳ್ಳೋಣ. ತಿಂಗಳಿಗೆ 7,000 ಬಾಡಿಗೆ, ಭೋಗ್ಯಕ್ಕಾದರೆ 8 ಲಕ್ಷ. ಆ 8 ಲಕ್ಷ ಬ್ಯಾಂಕಿನಲ್ಲಿ ಶೇ. 7ರ ಬಡ್ಡಿಗೆ ಇದ್ದಿದ್ದರೆ ವರ್ಷಕ್ಕೆ 56,000 ಬರುತ್ತಿತ್ತು. ಬಾಡಿಗೆ ವರ್ಷಕ್ಕೆ 84,000. ಹಾಗಾಗಿ ಕೈಯಲ್ಲಿ ದುಡ್ಡಿದ್ದವರಿಗೆ ಭೋಗ್ಯ ಲಾಭವೇ. ಆದರೆ ಆ ದುಡ್ಡನ್ನು ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 16,000 ಬಡ್ಡಿ ಕಟ್ಟಬೇಕು. 7,000 ಬಾಡಿಗೆ ಉಳಿಸಲು ಹೋಗಿ ಹೀಗೆ ಸಿಕ್ಕಿಬೀಳುವುದು ನನಗಂತೂ ಅರ್ಥವಾಗದ ಜಾಣತನ.

ಅದೇ 8 ಲಕ್ಷ ಕೈಯಿಂದ ಹಾಕಿ 30 ಲಕ್ಷದ ಮನೆ ಕೊಂಡರೆ? ಉಳಿದ 22 ಲಕ್ಷಕ್ಕೆ ಶೇ. 8.5ರ ಬಡ್ಡಿಯಲ್ಲಿ 20 ವರ್ಷದ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 19,000. ನೋಂದಣಿ ಖರ್ಚು ಬೇರೆ. ಮನೆ ನಿಮ್ಮದಾಗುತ್ತದೆ, ನಿಜ. ಮಕ್ಕಳ ಕಾಲೇಜು ಮುಗಿಯುವವರೆಗೆ ಮಾತ್ರ ಊರಲ್ಲಿ ಇರುವವರಿಗೆ ಅಷ್ಟು ಹೊರೆ ಯಾಕೆ? ಭೋಗ್ಯ ಹೆಚ್ಚು ಹೊಂದುವುದು ಇಂಥವರಿಗೇ. ಇಲ್ಲೇ ನೆಲೆ ನಿಲ್ಲುವವರು ವರ್ಷಗಟ್ಟಲೆ ಭೋಗ್ಯದಲ್ಲೇ ಇದ್ದರೆ, ಸೈಟಿನ ರೇಟು ಏರುತ್ತಿರುತ್ತದೆ, ಅವರ 8 ಲಕ್ಷ 8 ಲಕ್ಷವಾಗಿಯೇ ಇರುತ್ತದೆ.

ನಿಜವಾದ ತಲೆನೋವು ಕಾಗದ ಪತ್ರದ್ದು. ಮಾಲೀಕರು ಕ್ರಯಪತ್ರದ ಜೆರಾಕ್ಸ್ ಕೊಟ್ಟರೆ ಸುಮ್ನೆ ತಲೆಯಾಡಿಸಿ ಎದ್ದು ಬರಬೇಡಿ. ಮೂಲ ಪತ್ರ ತೋರಿಸಿ ಅನ್ನಿ. ಅದು ಮನೆಯಲ್ಲಿ ಇಲ್ಲ ಅಂದರೆ ಹೆಚ್ಚಾಗಿ ಬ್ಯಾಂಕಿನ ಲಾಕರಿನಲ್ಲಿ ಸಾಲಕ್ಕೆ ಕೂತಿರುತ್ತದೆ. ಮಾಲೀಕರು ಕಂತು ತಪ್ಪಿಸಿದರೆ ಬ್ಯಾಂಕು ಮನೆಯನ್ನು ಹರಾಜಿಗೆ ಇಡಬಹುದು, ಮೊದಲ ಹಕ್ಕು ಅದರದ್ದು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. (ಮನೆಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರ) ತೆಗೆಸಿ. ಪಾಲಿಕೆಯಲ್ಲಿ ಮನೆಯ ಖಾತೆ ಯಾರ ಹೆಸರಿನಲ್ಲಿದೆ ನೋಡಿ. ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಎಲ್ಲರ ಸಹಿಯೂ ಬೇಕು.

ಎಷ್ಟೋ ಕಡೆ 11 ತಿಂಗಳ ಕರಾರು ಅಂತ ಬಾಂಡ್ ಪೇಪರ್ ಮೇಲೆ ಬರೆದು, ನೋಟರಿ ಸೀಲು ಹಾಕಿಸಿ ಮುಗಿಸುತ್ತಾರೆ. ಆದರೆ ಕಾಯ್ದೆ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಮೊತ್ತದ ಭೋಗ್ಯದ ಅಡಮಾನ ನೋಂದಣಿ ಆಗಬೇಕು, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ನೋಂದಣಿಗೆ ದುಡ್ಡು ಹೋಗುತ್ತದೆ ಅಂತ ಎರಡೂ ಕಡೆಯವರು ಹಿಂಜರಿಯುತ್ತಾರೆ. ನೋಂದಣಿ ಆದರೆ ಇ.ಸಿ.ಯಲ್ಲಿ ನಿಮ್ಮ ಹೆಸರು ಬರುತ್ತದೆ, ಆಮೇಲೆ ಮನೆ ಕೊಳ್ಳುವವರಿಗೂ ಅದು ಕಾಣುತ್ತದೆ.

ಅವಧಿ ಮುಗಿದಾಗ ಹಲವು ಮಾಲೀಕರು ಹೇಳುವ ಮಾತು, ‘ಬೇರೆಯವರು ಭೋಗ್ಯಕ್ಕೆ ಬರಲಿ, ಅವರ ದುಡ್ಡು ಬಂದ ಕೂಡಲೇ ಕೊಡ್ತೀನಿ’. ಇದಕ್ಕೆ ಒಪ್ಪಿ ಮೊದಲೇ ಬೀಗದ ಕೈ ಕೊಡಬೇಡಿ. ನೋಂದಣಿಯಾದ ಭೋಗ್ಯ ಪತ್ರ ಇದ್ದರೆ, ಪೂರ್ತಿ ಹಣ ಕೈಗೆ ಬರುವವರೆಗೆ ಆ ಮನೆಯಲ್ಲೇ ಉಳಿಯುವ ಹಕ್ಕು ನಿಮಗಿದೆ.