ಪೋಷಕಾಂಶ ಮಾಲಿನ್ಯ ಅಂದ್ರೆ ವಿಷ ಅಲ್ಲ ಮಾರಾಯ್ರೇ

ಮೂಡಿಗೆರೆ ಕಡೆ ಬೆಳೆಗಾರರ ವಾಟ್ಸಾಪ್ ಗ್ರೂಪಲ್ಲಿ ಮತ್ತೆ ಅದೇ ಫಾರ್ವರ್ಡ್: "ನಮ್ಮ ತೋಟದ ಗೊಬ್ಬರದ ವಿಷದಿಂದ ಲಕ್ಷದ್ವೀಪದ ಹವಳ ಬೆಳ್ಳಗಾಗ್ತಿದೆ, ಇದೇ ಪೋಷಕಾಂಶ ಮಾಲಿನ್ಯ." ಒಂದೇ ಸಾಲಲ್ಲಿ ಮೂರು ತಪ್ಪು.

ಮೊದಲು ಈ 'ವಿಷ'. ಯೂರಿಯಾ, ಡಿಎಪಿ ಗೊಬ್ಬರ ಏನು ಕ್ರಿಮಿನಾಶಕನಾ? ಊಟ ಅದು. ಅದರಲ್ಲಿರೋ ನೈಟ್ರೋಜನ್, ಫಾಸ್ಫರಸ್ ಕಾಫಿ ಗಿಡಕ್ಕೆ ಹೇಗೆ ಬೇಕೋ ನೀರಲ್ಲಿರೋ ಪಾಚಿಗೂ ಹಾಗೇ ಬೇಕು. ಇವು ಸೇರಿ ನೀರಿಗೆ ಸತ್ವ ಜಾಸ್ತಿಯಾಗೋದೇ ಪೋಷಕಾಂಶ ಮಾಲಿನ್ಯ, ಇದಕ್ಕೆ ಯೂಟ್ರೊಫಿಕೇಶನ್ ಅಂತಾರೆ, ಗ್ರೀಕಲ್ಲಿ 'ಯೂ' ಅಂದ್ರೆ ಒಳ್ಳೇದು, 'ಟ್ರೋಫೆ' ಅಂದ್ರೆ ಪೋಷಣೆ, ಅಂದ್ರೆ ಹೆಸರಲ್ಲೇ ಹೊಟ್ಟೆ ತುಂಬಿದೆ, ವಿಷ ಎಲ್ಲಿಂದ ಬಂತು? ಚರಂಡಿ ನೀರು ಸೇರೋ ನಮ್ಮ ಕೆರೆಗಳಲ್ಲಿ ಅಂತರಗಂಗೆ ಹಬ್ಬೋದೂ ಇದೇ ಕಥೆ. "ನಮ್ದು ಸಾವಯವ, ನಮಗೇನು" ಅನ್ನೋರಿಗೂ ಹೇಳ್ಬೇಕು, ಕೊಟ್ಟಿಗೆಯಿಂದ ಬರ್ಲಿ ಚೀಲದಿಂದ ಬರ್ಲಿ, ಮಳೇಲಿ ಕೊಚ್ಚಿ ಹೋದ ನೈಟ್ರೇಟಿಗೆ, ಅಂದ್ರೆ ನೀರಲ್ಲಿ ಕರಗಿದ ನೈಟ್ರೋಜನ್‌ಗೆ, ಜಾತಿ ಇಲ್ಲ.

ಊಟ ಆದ್ರೆ ಹವಳಕ್ಕೆ ತೊಂದರೆ ಯಾಕೆ? ಹವಳ ಅನ್ನೋದು ಪ್ರಾಣಿ, ಅದರ ಮೈಯೊಳಗಿರೋ ಸೂಕ್ಷ್ಮ ಪಾಚಿ ಬಿಸಿಲಲ್ಲಿ ಆಹಾರ ಮಾಡಿ ಅದನ್ನ ಸಾಕುತ್ತೆ, ಸತ್ವ ಕಮ್ಮಿ ಇರೋ ತಿಳಿನೀರಿಗೇ ಈ ಜೋಡಿ ಒಗ್ಗಿರೋದು. ಅಲ್ಲಿಗೆ ಗೊಬ್ಬರ ಬಂದ್ರೆ ಹೊರಗಿನ ಪಾಚಿ ಸೊಕ್ಕಿ ಮರಿ ಹವಳ ಕೂರೋ ಜಾಗ ಹಿಡ್ಕೊಳ್ಳುತ್ತೆ, ನೀರು ಮಬ್ಬಾಗಿ ಬಿಸಿಲು ಕೆಳಗಿಳಿಯಲ್ಲ, ಜೊತೆಗೆ ಹವಳ ಕಟ್ಟಿದ ಸುಣ್ಣದ ದಿಬ್ಬ ಕೊರೆಯೋ ಸ್ಪಂಜು, ಹುಳಗಳಿಗೆ ಹಬ್ಬ. ಹವಾಯಿಯ ಕನೇಓಹೆ ಕೊಲ್ಲಿಯಲ್ಲಿ ಊರಿನ ಕೊಳಚೆ ಬಿಟ್ಟು ಬಿಟ್ಟು ಹವಳದ ಮೇಲೆಲ್ಲ ಪಾಚಿ ಹಬ್ಬಿತ್ತು, 1970ರ ದಶಕದ ಕೊನೇಲಿ ಪೈಪನ್ನ ಬೇರೆ ಕಡೆ ತಿರುಗಿಸಿದ್ಮೇಲೆ ಎಷ್ಟೋ ಸುಧಾರಿಸ್ತು.

'ಪೋಷಕಾಂಶ ಸಿಕ್ರೆ ಹವಳ ಬೆಳೀಬೇಕಲ್ವಾ' ಅನ್ನೋ ಜಾಣರೂ ಇದ್ದಾರೆ. ಬೆಳೆಯುತ್ತೆ, ಅದೇ ತಮಾಷೆ. ಆಸ್ಟ್ರೇಲಿಯಾದ ಒನ್ ಟ್ರೀ ದ್ವೀಪದಲ್ಲಿ 1990ರ ದಶಕದಲ್ಲಿ ಬೇಕಂತ್ಲೇ ನೈಟ್ರೋಜನ್, ಫಾಸ್ಫರಸ್ ಎರಡನ್ನೂ ನೀರಿಗೆ ಹಾಕಿ ನೋಡಿದ್ರು. ಫಾಸ್ಫರಸ್ ಸಿಕ್ಕಿದ ಹವಳ ಉದ್ದಕ್ಕೇನೋ ಬೇಗ ಬೆಳೀತು, ಆದ್ರೆ ಅದರ ಸುಣ್ಣದ ಗೂಡಿನ ಸಾಂದ್ರತೆ ಕಮ್ಮಿಯಾಗಿ ಬೇಗ ಮುರಿಯೋ ಹಾಗಾಯ್ತು. ಯೂರಿಯಾ ಜಾಸ್ತಿ ಬಿದ್ದ ಭತ್ತ ಎತ್ತರಕ್ಕೆ ಹೋಗಿ ಒಂದು ಮಳೆಗೆ ಮಲಗಿಬಿಡುತ್ತಲ್ಲ, ಹಾಗೆ.

ಇನ್ನು ಎರಡನೇ ತಪ್ಪು, ಬೆಳ್ಳಗಾಗೋದು. ಅದು ಮುಖ್ಯವಾಗಿ ಶಾಖದ್ದು, ನೀರು ಬಿಸಿಯಾದಾಗ ಹವಳ ತನಗೆ ಬಣ್ಣ ಕೊಡೋ ಒಳಗಿನ ಪಾಚಿನ ಹೊರಹಾಕುತ್ತೆ, ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಆಗಿದ್ದು ಅದೇ. ನೈಟ್ರೋಜನ್ ಜಾಸ್ತಿಯಾಗಿ ಫಾಸ್ಫರಸ್ ಸಾಲದೇ ಹೋದ್ರೆ ಶಾಖ ತಡೆಯೋ ಶಕ್ತಿ ಕುಗ್ಗುತ್ತೆ ಅನ್ನೋದೂ ನಿಜ, ಹಾಗಂತ ಪೋಷಕಾಂಶ ಮಾಲಿನ್ಯ, ಬೆಳ್ಳಗಾಗೋದು ಎರಡೂ ಒಂದೇ ಅಲ್ಲ.

ಮೂರನೇದು ಬರೀ ಭೂಗೋಳ. ಮೂಡಿಗೆರೆಯ ಜಾವಳೀಲಿ ಹುಟ್ಟೋ ಹೇಮಾವತಿ ಕಾವೇರಿ ಸೇರುತ್ತೆ, ಭದ್ರೆ ತುಂಗೆ ಜೊತೆಯಾಗಿ ಕೃಷ್ಣೆಗೆ ಹೋಗ್ತಾಳೆ, ಎರಡೂ ಬಂಗಾಳ ಕೊಲ್ಲಿಗೆ. ಲಕ್ಷದ್ವೀಪ ಇರೋದು ಅರಬ್ಬೀ ಸಮುದ್ರದಲ್ಲಿ, ಅದೂ ದಡದಿಂದ 200 ಕಿಲೋಮೀಟರಿಗಿಂತ ಆಚೆ. ಆಸ್ಟ್ರೇಲಿಯಾದ ಹವಳದ ದಿಬ್ಬಗಳ ಸಾಲು ಗ್ರೇಟ್ ಬ್ಯಾರಿಯರ್ ರೀಫಿಗೆ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆ ಹತ್ರ, ಗದ್ದೆಯ ಗೊಬ್ಬರ ಹವಳಕ್ಕೆ ಮುಟ್ಟುತ್ತೆ ಅನ್ನೋ ಮಾತು ಅಲ್ಲಿ ಸರಿ. ನಮ್ಮ ತೋಟದ ಗೊಬ್ಬರದ ಲೆಕ್ಕ ಬೇಕಂದ್ರೆ ಹೇಮಾವತಿಗೆ ಕಟ್ಟಿರೋ ಗೊರೂರು ಡ್ಯಾಮಿನ ನೀರು ಟೆಸ್ಟ್ ಮಾಡ್ಸಿ, ಹೇಮಾವತಿ ಕಡೆ ತೋಟದ್ದು ಮೊದಲು ಸೇರೋದು ಅಲ್ಲಿಗೇ.