ಅಡಿಕೆ ಮರದ ಬುಡದಲ್ಲಿ ಹಳೇ ಹಾವಸೆ

ತೀರ್ಥಹಳ್ಳಿ, ಸಾಗರದ ಕಡೆ ಅಡಿಕೆ ತೋಟ ಇದ್ದವರಿಗೆ ರಾಕ್ ಫಾಸ್ಫೇಟ್, ಅಂದರೆ ರಂಜಕ ಇರುವ ಕಲ್ಲಿನ ಪುಡಿ, ಹೊಸದೇನಲ್ಲ. ಜೋರು ಮಳೆಗೆ ನಮ್ಮ ಮಣ್ಣು ಹುಳಿಯಾಗಿರುತ್ತದೆ. ಆ ಹುಳಿಗೇ ಈ ಪುಡಿ ನಿಧಾನವಾಗಿ ಕರಗಿ ಬೇರಿಗೆ ರಂಜಕ ಸಿಗುತ್ತದೆ. ಸುಮ್ನೆ ಗೊಬ್ಬರ ಅಂತ ಎರಚಿ ಕೈ ತೊಳೆದುಕೊಳ್ಳುತ್ತೇವೆ. ದೇಶದಲ್ಲಿ ಈ ಕಲ್ಲಿನ ದೊಡ್ಡ ಗಣಿ ಇರುವುದು ರಾಜಸ್ಥಾನದ ಉದಯಪುರದ ಹತ್ತಿರ, ಝಾಮರ್‌ಕೋಟ್ರಾದಲ್ಲಿ. 1968ರಲ್ಲಿ ಅಲ್ಲಿ ಫಾಸ್ಫೇಟ್ ಸಿಕ್ಕಿತು. ಆ ಕಲ್ಲು ಸುಮಾರು 180 ಕೋಟಿ ವರ್ಷ ಹಳೆಯ ಪಳೆಯುಳಿಕೆ!

ಪಳೆಯುಳಿಕೆ ಅಂದ ಕೂಡಲೇ ಮೂಳೆ, ಚಿಪ್ಪು ನೆನಪಾಗುತ್ತದೆ, ಅಲ್ವಾ? ಆಗ ಮೂಳೆ ಇದ್ದ ಜೀವಿಯೇ ಇರಲಿಲ್ಲ. ಇದರ ಹೆಸರು ಸ್ಟ್ರೊಮ್ಯಾಟೊಲೈಟ್. ಕಟ್ಟಿದ್ದು ಸಯನೋಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು. ಮಳೆಗಾಲದಲ್ಲಿ ಅಂಗಳಕ್ಕೆ ಹಾವಸೆ ಕಟ್ಟಿ, ಜಾರದಿರಲಿ ಅಂತ ಅಡಿಕೆ ದಬ್ಬೆ ಹಾಕುತ್ತೇವಲ್ಲ, ಆ ಹಾವಸೆಯಲ್ಲಿ ಇವುಗಳ ನೆಂಟರೂ ಇರುತ್ತಾರೆ. ಆಳವಿಲ್ಲದ ಸಮುದ್ರದ ತಳದಲ್ಲಿ ಇವು ಲೋಳೆಯ ಚಾಪೆಯ ಹಾಗೆ ಹರಡುತ್ತಿದ್ದವು. ನೀರಲ್ಲಿ ತೇಲಿಬಂದ ಸಣ್ಣ ಕಣ ಲೋಳೆಗೆ ಅಂಟುತ್ತಿತ್ತು, ಸುಣ್ಣವೂ ಕೂರುತ್ತಿತ್ತು. ಬದುಕಲು ಬಿಸಿಲು ಬೇಕು. ಹಾಗಾಗಿ ಜೀವಿಗಳು ಮೇಲೆ ಬಂದು ಮತ್ತೊಂದು ಚಾಪೆ ಹಾಸುತ್ತಿದ್ದವು. ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಇವು ಈಗಲೂ ಬೆಳೆಯುತ್ತಿವೆ, ವರ್ಷಕ್ಕೆ ಹೆಚ್ಚೆಂದರೆ ಅರ್ಧ ಮಿಲಿಮೀಟರ್. (ಅಲ್ಲಿನ ನೀರಿಗೆ ಮಾಮೂಲಿ ಸಮುದ್ರಕ್ಕಿಂತ ಎರಡು ಪಟ್ಟು ಉಪ್ಪು. ಚಾಪೆ ಮೇಯುವ ಬಸವನಹುಳುಗಳಿಗೆ ಅದು ಆಗಿಬರುವುದಿಲ್ಲ.) ಗೆದ್ದಲು ಹೋದರೂ ಹುತ್ತ ಉಳಿಯುತ್ತದಲ್ಲ, ಇದೂ ಹಾಗೇ. ಝಾಮರ್‌ಕೋಟ್ರಾದಲ್ಲಿ ಆ ಹುತ್ತದ ಕಂಬಗಳೊಳಗೇ ಫಾಸ್ಫೇಟ್ ಜಾಸ್ತಿ ಸೇರಿಕೊಂಡಿದೆ. ಗಣಿಯ ಜೊತೆಗೇ ಅಲ್ಲೊಂದು ಸ್ಟ್ರೊಮ್ಯಾಟೊಲೈಟ್ ಪಾರ್ಕ್ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ.

ಅಷ್ಟು ದೂರ ಯಾಕೆ ಹೋಗಬೇಕು? ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಕುಂಸಿ ಸಿಗುತ್ತದೆ. ಹೆಸರು ಕೇಳಿದರೆ ಮ್ಯಾಂಗನೀಸ್ ಗಣಿ ನೆನಪಾಗುವ ಊರು. ಅಲ್ಲಿನ ಸುಣ್ಣದ ಕಲ್ಲಿನಲ್ಲೂ ಸ್ಟ್ರೊಮ್ಯಾಟೊಲೈಟ್ ಇದೆ. ಅದು 250 ಕೋಟಿ ವರ್ಷಕ್ಕೂ ಹಳೆಯದು, ರಾಜಸ್ಥಾನದ್ದಕ್ಕಿಂತ ಎಷ್ಟೋ ಹಿರಿಯದು. ಈಗ ತಾಳಗುಪ್ಪದ ರೈಲು ಓಡಾಡುವ ಈ ಜಾಗ ಆಗ ಸಮುದ್ರ.

ಕರ್ನಾಟಕದ ಇಂಥ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿ ಲಾಲ್‌ಬಾಗ್ ಬಂಡೆ ಇದೆ, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಇದೆ, ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪವೂ ಇದೆ. ಕುಂಸಿ ಇಲ್ಲ. ನನಗೆ ಇದು ಸ್ವಲ್ಪ ಅನ್ಯಾಯ ಅನ್ನಿಸುತ್ತದೆ. ಆ ಕಡೆ ಹೋದರೆ ಕಲ್ಲಿನ ಒಡೆದ ಮುಖ ನೋಡಿ. ಅರ್ಧ ಕೊಯ್ದ ಈರುಳ್ಳಿಯ ಹಾಗೆ, ಒಂದರ ಮೇಲೊಂದು ಮೇಲಕ್ಕೆ ಬಾಗಿದ ತೆಳು ಗೆರೆಗಳು. ಅದೇ ಗುರುತು.